ರಕ್ತದ ಹನಿಯಲ್ಲಿ ಕಂಡ ವೈರಿ

ಮಕ್ಕಳೇ, ಪಶುವೈದ್ಯರು ಹಸುವಿಗೆ ಚುಚ್ಚುಮದ್ದು ಹಾಕುವುದನ್ನು ನೀವು ನೋಡಿರಬಹುದು. ಪಶುವೈದ್ಯರಲ್ಲೂ ಹಲವು ಬಗೆ. ಕೆಲವರು ಶಸ್ತ್ರಚಿಕಿತ್ಸೆಯಲ್ಲಿ ಪರಿಣತರು, ಕೆಲವರು ಕಾಡುಪ್ರಾಣಿಗಳ ವೈದ್ಯರು, ಇನ್ನು ಕೆಲವರು ಕೋಳಿರೋಗ ಬಲ್ಲವರು. ಸೂಕ್ಷ್ಮದರ್ಶಕದ ಮುಂದೆ ಕುಳಿತು, ಪ್ರಾಣಿಗಳ ದೇಹದಲ್ಲಿ ಸೇರಿಕೊಂಡ ಪರೋಪಜೀವಿಗಳನ್ನು ಹುಡುಕುವವರೂ ಇದ್ದಾರೆ. ಈ ದಾರಿಯಲ್ಲಿ ಮೊದಲಿಗೆ ನಡೆದವರಲ್ಲಿ ಗ್ರಿಫಿತ್ ಇವಾನ್ಸ್ ಒಬ್ಬರು.

ಇವಾನ್ಸ್ 1835ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಹುಟ್ಟಿದರು. ಲಂಡನ್ನಿನಲ್ಲಿ ಓದಿ, 1860ರಲ್ಲಿ ಸೈನ್ಯದ ಪಶುವೈದ್ಯರಾದರು. ಆಗ ಮೋಟಾರು ವಾಹನಗಳಿರಲಿಲ್ಲ, ಫಿರಂಗಿ ಎಳೆಯಲು ಕುದುರೆಗಳೇ ಬೇಕಿತ್ತು. ಕೆನಡಾದಲ್ಲಿ ಕೆಲಸ ಮಾಡುತ್ತಲೇ ಅವರು ಮನುಷ್ಯರ ವೈದ್ಯಶಾಸ್ತ್ರವನ್ನೂ ಓದಿ 1864ರಲ್ಲಿ ಪದವಿ ಪಡೆದರು. ಎರಡೂ ವಿದ್ಯೆ ಕಲಿತವರು ಆಗ ವಿರಳ!

1877ರಲ್ಲಿ ಅವರು ಭಾರತಕ್ಕೆ ಬಂದರು. ಸಿಂಧೂ ನದಿಯ ದಡದ ಡೇರಾ ಇಸ್ಮಾಯಿಲ್ ಖಾನ್ ಎಂಬ ಊರಿನಲ್ಲಿ (ಅದು ಈಗ ಪಾಕಿಸ್ತಾನದಲ್ಲಿದೆ) ಸೈನ್ಯದ ಕುದುರೆಗಳೂ ಒಂಟೆಗಳೂ ಸಾಯುತ್ತಿದ್ದವು. ಜ್ವರ ಬರುವುದು, ಇಳಿಯುವುದು, ಮತ್ತೆ ಬರುವುದು. ರಕ್ತ ಕಡಿಮೆಯಾಗಿ ಪ್ರಾಣಿ ಸೊರಗಿ ಎಲುಬುಗೂಡಾಗುವುದು. ಜನ ಈ ರೋಗವನ್ನು ಸರ್ರಾ ಎನ್ನುತ್ತಿದ್ದರು.

1880ರಲ್ಲಿ ಇವಾನ್ಸ್ ರೋಗಿ ಕುದುರೆಯ ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಕೆಂಪು ರಕ್ತಕಣಗಳ ನಡುವೆ ಪುಟ್ಟ ಹುಳುವಿನಂತಹ ಜೀವಿಗಳು ಬಳುಕುತ್ತಾ ಈಜುತ್ತಿದ್ದವು! ಆದರೆ ರೋಗ ತಂದದ್ದು ಇವೇ ಎಂದು ಹೇಳುವುದು ಹೇಗೆ? ಅವರು ಆ ರಕ್ತವನ್ನು ಆರೋಗ್ಯವಾಗಿದ್ದ ಪ್ರಾಣಿಗಳಿಗೆ ಚುಚ್ಚಿದರು. ಅವಕ್ಕೂ ರೋಗ ಬಂತು, ಅವುಗಳ ರಕ್ತದಲ್ಲೂ ಅದೇ ಜೀವಿಗಳು ಕಂಡವು.

ಇವಾನ್ಸ್ ವರದಿ ಬರೆದರು. ದೊಡ್ಡವರು ಅದನ್ನು ಒಪ್ಪಲಿಲ್ಲ. ರಕ್ತದಲ್ಲಿನ ಅಂತಹ ಜೀವಿಗಳು ನಿರುಪದ್ರವಿಗಳೆಂದೇ ಆಗಿನ ತಜ್ಞರ ನಂಬಿಕೆ. ಕಣ್ಣಾರೆ ಕಂಡದ್ದನ್ನು ಹೇಳಿ ನಗೆಪಾಟಲಾಗುವುದು ಎಷ್ಟು ನೋವಿನ ಸಂಗತಿ, ಯೋಚಿಸಿ. ಇವಾನ್ಸ್ ಮಾತ್ರ ಮಾತು ಬದಲಿಸಲಿಲ್ಲ.

ಐದು ವರ್ಷಗಳ ನಂತರ, ಬರ್ಮಾದ ಹೇಸರಗತ್ತೆಗಳಲ್ಲಿ ಜಾನ್ ಹೆನ್ರಿ ಸ್ಟೀಲ್ ಎಂಬ ಪಶುವೈದ್ಯರಿಗೆ ಅದೇ ಜೀವಿ ಸಿಕ್ಕಿತು. ಅದಕ್ಕೆ ಅವರು ಇವಾನ್ಸರ ಹೆಸರನ್ನೇ ಇಟ್ಟರು. ಇಂದು ಅದನ್ನು ಟ್ರಿಪನೊಸೋಮ ಇವಾನ್ಸಿ ಎನ್ನುತ್ತಾರೆ. ಅದು ಒಂದೇ ಜೀವಕೋಶದ ಜೀವಿ. ದನ-ಕುದುರೆಗಳ ರಕ್ತ ಹೀರುವ ದೊಡ್ಡ ನೊಣಗಳು ಅದನ್ನು ಹರಡುತ್ತವೆ. ಒಂದು ಪ್ರಾಣಿಯನ್ನು ಕಚ್ಚಿದ ನೊಣ, ಅದು ಬಾಲ ಬೀಸಿದಾಗ ಎದ್ದು ಇನ್ನೊಂದರ ಮೇಲೆ ಕೂರುತ್ತದೆ. ಬಾಯಿಗಂಟಿದ ರಕ್ತದ ಜೊತೆ ರೋಗವೂ ದಾಟುತ್ತದೆ.

ಸರ್ರಾ ನಮ್ಮ ದೇಶದಲ್ಲಿ ಇನ್ನೂ ಇದೆ. ಅದಕ್ಕೀಗ ಔಷಧವಿದೆ. ಅದನ್ನು ಗುರುತಿಸಲು ವೈದ್ಯರು ಇವಾನ್ಸರಂತೆಯೇ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ನೋಡುತ್ತಾರೆ. ಇವಾನ್ಸರಿಗೆ 1917ರಲ್ಲಿ ಮೇರಿ ಕಿಂಗ್ಸ್‌ಲಿ ಪದಕ ಬಂತು. ಆಗ ಅವರಿಗೆ 80 ದಾಟಿತ್ತು. 1935ರಲ್ಲಿ, ನೂರು ವರ್ಷ ತುಂಬಿದ ಮೇಲೆ, ಅವರು ತೀರಿಕೊಂಡರು.