ಧರ್ಮಪ್ರವರ್ತ ಗುಬ್ಬಿಯ ತೋಟದಪ್ಪನವರು

ವಾಣಿಜ್ಯದಿಂದ ಒದಗಿದ ಸಿರಿಯನ್ನು ವಿದ್ಯೆಗೆ ಆಸರೆಯಾಗಿಸಿದ ಶರಣಜೀವಿಗಳಲ್ಲಿ ರಾವ್ ಬಹದ್ದೂರ್ ಗುಬ್ಬಿ ತೋಟದಪ್ಪನವರು ಅಗ್ರಗಣ್ಯರು. ಇವರು 1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ವೀರಶೈವ ಮನೆತನದಲ್ಲಿ ಜನಿಸಿದರು. ತರುವಾಯ ಕುಟುಂಬವು ಬೆಂಗಳೂರಿಗೆ ಬಂದು ನೆಲಸಲು, ಮಾಮೂಲುಪೇಟೆಯಲ್ಲಿ ವ್ಯಾಪಾರವನ್ನು ಕೈಕೊಂಡು ಧನವಂತರಾದರು.

ಇವರಿಗೆ ಸಂತಾನಭಾಗ್ಯವಿರಲಿಲ್ಲ. ಗಳಿಸಿದುದು ಯಾರಿಗೆ ಸಲ್ಲಬೇಕೆಂಬುದೇ ಇವರ ಬಾಳಿನ ದೊಡ್ಡ ಪ್ರಶ್ನೆಯಾಯಿತು. ಅದಕ್ಕೆ ಇವರು ಕೊಟ್ಟ ಉತ್ತರವು ಮಾತಿನದಲ್ಲ, ಕೃತಿಯದು. 1897ರಲ್ಲಿ ಬೆಂಗಳೂರು ರೈಲು ನಿಲ್ದಾಣದ ಸಮೀಪದಲ್ಲಿ ಎರಡೂವರೆ ಎಕರೆ ನೆಲವನ್ನು ಕೊಂಡು, ಯಾತ್ರಿಕರಿಗಾಗಿ ಧರ್ಮಛತ್ರವನ್ನು ಕಟ್ಟಿಸಿದರು. 1903ರಲ್ಲಿ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಅದರ ಪ್ರಾರಂಭೋತ್ಸವವನ್ನು ನೆರವೇರಿಸಿದರು.

ಆ ಕಾಲಕ್ಕೆ ಬೆಂಗಳೂರಿನಲ್ಲಿ ವಿದ್ಯಾಶಾಲೆಗಳಿಗೆ ಕೊರತೆಯಿರಲಿಲ್ಲ. 1858ರಲ್ಲಿ ಸ್ಥಾಪಿತವಾದ ಹೈಸ್ಕೂಲು ಬೆಳೆದು ಸೆಂಟ್ರಲ್ ಕಾಲೇಜಾಗಿತ್ತು. ನುರಿತ ಉಪಾಧ್ಯಾಯರೂ ಇದ್ದರು. ಆದರೆ ಹಳ್ಳಿಯಿಂದ ಬಂದ ಬಡ ಬಾಲಕನಿಗೆ ತಂಗಲು ನೆರಳಿಲ್ಲ, ಉಣ್ಣಲು ವಾರಾನ್ನವೇ ಗತಿ. ಇಂದಿನ ಮನೆ ಇದು, ನಾಳೆಯದು ಯಾವುದೋ ಎಂಬ ಚಿಂತೆಯಲ್ಲಿ ಕುಳಿತವನಿಗೆ ಎಂತಹ ಗುರುವಿನ ಬೋಧೆಯೂ ಹತ್ತುವುದು ಕಷ್ಟ. ತೋಟದಪ್ಪನವರು ಉಚಿತ ವಿದ್ಯಾರ್ಥಿನಿಲಯವನ್ನು ಏರ್ಪಡಿಸಿ ಈ ಚಿಂತೆಯನ್ನು ನೀಗಿದರು. ತಾವು ಪಾಠ ಹೇಳಲಿಲ್ಲ. ಪಾಠ ಹೇಳುವವರ ಶ್ರಮವು ವ್ಯರ್ಥವಾಗದಂತೆ ಕಾಪಾಡಿದರು. ದಾಸೋಹಕ್ಕೆ ಇದಕ್ಕಿಂತ ಮಿಗಿಲಾದ ಅರ್ಥವುಂಟೆ?

ವ್ಯಾಪಾರದಲ್ಲಿ ಪಳಗಿದ ಇವರ ದೂರದೃಷ್ಟಿಯು ದಾನದಲ್ಲಿಯೂ ಬೆಳಗಿತು. ಒಮ್ಮೆ ಕೊಟ್ಟು ಕೈ ತೊಳೆದುಕೊಳ್ಳುವ ದಾನವು ದಾತೃವಿನೊಡನೆಯೇ ಮುಗಿಯುವುದೆಂದು ಅರಿತು, ಆಸ್ತಿಯನ್ನು ಧರ್ಮಸಂಸ್ಥೆಗೆ ವಹಿಸಿ, ಅದರ ಆಡಳಿತದ ಅಧ್ಯಕ್ಷತೆಯನ್ನು ಕೆ. ಪಿ. ಪುಟ್ಟಣ್ಣಚೆಟ್ಟರಂತಹ ಪ್ರಾಮಾಣಿಕರಿಗೆ ಒಪ್ಪಿಸಿದರು. ಮಹಾರಾಜರು ಧರ್ಮಪ್ರವರ್ತ ಎಂಬ ಬಿರುದನ್ನೂ, ಆಂಗ್ಲ ಸರ್ಕಾರವು ರಾವ್ ಬಹದ್ದೂರ್ ಪದವಿಯನ್ನೂ ಇತ್ತು ಗೌರವಿಸಿದವು. 1910ರಲ್ಲಿ ಇವರು ಲಿಂಗೈಕ್ಯರಾದರು.

ಒಡೆಯನು ಮರೆಯಾದರೂ ಧರ್ಮಕಾರ್ಯವು ನಿಲ್ಲಲಿಲ್ಲ. ತಲೆಮಾರುಗಳ ವಿದ್ಯಾರ್ಥಿಗಳು ಆ ನಿಲಯದ ಅನ್ನವನ್ನುಂಡು ವಿದ್ಯಾವಂತರಾದರು. ಮಕ್ಕಳಿಲ್ಲದ ಮಹನೀಯರಿಗೆ ಸಾವಿರಾರು ಮಂದಿ ಮಕ್ಕಳಾದರು. ಅಂಗಡಿಯ ಗಳಿಕೆಯಲ್ಲಿ ಒಂದು ಪಾಲನ್ನು ತಮ್ಮೂರಿನ ಶಾಲೆಗೆ ಮೀಸಲಿಡುವ ಭಕ್ತರೆಲ್ಲರೂ ಇವರ ಹಾದಿಯಲ್ಲಿ ನಡೆಯುವವರೇ ಸರಿ.