ಪದವಿ ಪತ್ರದಲ್ಲೇ ತಿದ್ದುಪಡಿ! ಭಾಕ್ರಾ ಜನರೇಟರ್‌ವರೆಗೆ ಹೋದ ದೇಶದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಎಂಜಿನಿಯರ್ ಎ. ಲಲಿತಾ ಯಾರು?

ಚೆನ್ನೈ: 1943ರಲ್ಲಿ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿದ ಯುವತಿಯೊಬ್ಬರ ಪದವಿ ಪತ್ರವನ್ನು ಪೆನ್ನಿನಿಂದ ತಿದ್ದಬೇಕಾಯಿತು. ಅಚ್ಚಾದ ನಮೂನೆಯಲ್ಲಿ 'ಅವನು' ಎಂಬ ಅರ್ಥದ ಇಂಗ್ಲಿಷ್ ಪದವಷ್ಟೇ ಇತ್ತು. ಅದನ್ನು ಹೊಡೆದು 'ಅವಳು' ಎಂದು ಕೈಯಲ್ಲಿ ಬರೆದುಕೊಟ್ಟರು. 1794ರಲ್ಲಿ ಸರ್ವೆ ಶಾಲೆಯಾಗಿ ಶುರುವಾಗಿದ್ದ ಆ ಸಂಸ್ಥೆಗೆ ಅಲ್ಲಿಯವರೆಗೆ ಇಂಥ ತಿದ್ದುಪಡಿಯ ಅಗತ್ಯವೇ ಬಂದಿರಲಿಲ್ಲ.

ಆ ಯುವತಿಯೇ ಅಯ್ಯಲಸೋಮಯಾಜುಲ ಲಲಿತಾ, ಭಾರತದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಎಂಜಿನಿಯರ್. ಆದರೆ ಅವರ ಕಥೆಯನ್ನು ಹೆಚ್ಚಿನವರು ಈ 'ಮೊದಲ' ಎಂಬ ಪದದಲ್ಲೇ ಮುಗಿಸಿಬಿಡುತ್ತಾರೆ. ಮುಂದಿನ ಮೂರು ದಶಕ ಅವರು ಮಾಡಿದ ಕೆಲಸವೇನು ಎಂಬುದು ಚರ್ಚೆಗೆ ಬರುವುದು ಕಡಿಮೆ.

ಲಲಿತಾ ಹುಟ್ಟಿದ್ದು 1919ರ ಆಗಸ್ಟ್ 27ರಂದು, ಮದ್ರಾಸಿನ ಮಧ್ಯಮ ವರ್ಗದ ತೆಲುಗು ಕುಟುಂಬದಲ್ಲಿ. ಏಳು ಮಕ್ಕಳಲ್ಲಿ ಐದನೆಯವರು. ತಂದೆ ಪಪ್ಪು ಸುಬ್ಬರಾವ್ ಗಿಂಡಿ ಕಾಲೇಜಿನಲ್ಲೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರೊಫೆಸರ್. ಅಂದಿನ ಪದ್ಧತಿಯಂತೆ 15ನೇ ವಯಸ್ಸಿಗೆ ಮದುವೆಯಾಯಿತು. 1937ರಲ್ಲಿ ಮಗಳು ಹುಟ್ಟಿದಳು. ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಪತಿ ತೀರಿಕೊಂಡರು. ಲಲಿತಾಗೆ ಆಗ 18 ವರ್ಷ.

ವಿಧವೆಯ ಬದುಕು ಮನೆಯ ಮೂಲೆಯೊಂದರಲ್ಲಿ ಮುಗಿದುಹೋಗುತ್ತಿದ್ದ ಕಾಲವದು. ಲಲಿತಾ ಮತ್ತೆ ಪುಸ್ತಕ ಹಿಡಿದರು. ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಪ್ರಥಮ ದರ್ಜೆಯಲ್ಲಿ ಇಂಟರ್‌ಮೀಡಿಯೆಟ್ ಪಾಸಾದರು. ಓದುವ ಹೆಣ್ಣುಮಕ್ಕಳಿಗೆ ಆಗ ವೈದ್ಯಕೀಯದ ದಾರಿ ತೆರೆದಿತ್ತು. ಆದರೆ ಡಾಕ್ಟರಾದರೆ ನಡುರಾತ್ರಿಯಲ್ಲೂ ಮಗುವನ್ನು ಬಿಟ್ಟು ಓಡಬೇಕು. ಹೊತ್ತಿಗೆ ಸರಿಯಾಗಿ ಮನೆ ಸೇರುವ ಕೆಲಸ ಅವರಿಗೆ ಬೇಕಿತ್ತು. ಎಂಜಿನಿಯರಿಂಗ್ ಆಯ್ಕೆಯ ಹಿಂದೆ ಇದ್ದದ್ದು ಈ ತಾಯಿಯ ಲೆಕ್ಕಾಚಾರ.

ತಂದೆ ಪ್ರಾಂಶುಪಾಲ ಕೆ.ಸಿ. ಚಾಕೊ ಅವರನ್ನು ಕೇಳಿಕೊಂಡರು. ಶಿಕ್ಷಣ ಇಲಾಖೆಯೂ ಒಪ್ಪಿತು. ನೂರಾರು ಹುಡುಗರ ಕಾಲೇಜಿನಲ್ಲಿ ಒಬ್ಬಳೇ ಹುಡುಗಿ, ಹಾಸ್ಟೆಲಿನಲ್ಲೂ ಒಂಟಿ. ಆ ಒಂಟಿತನ ಕಂಡು ಕಾಲೇಜು ಇನ್ನಷ್ಟು ಹುಡುಗಿಯರಿಗೆ ಪ್ರವೇಶದ ಬಾಗಿಲು ತೆರೆಯಿತು. ಮರುವರ್ಷ ಲೀಲಮ್ಮ ಜಾರ್ಜ್ ಮತ್ತು ಪಿ.ಕೆ. ತ್ರೇಸಿಯಾ ಸಿವಿಲ್ ವಿಭಾಗಕ್ಕೆ ಸೇರಿದರು. ಯುದ್ಧಕಾಲವಾದ್ದರಿಂದ ಕೋರ್ಸಿನ ಅವಧಿ ತಗ್ಗಿ, ಮೂವರೂ ಒಟ್ಟಿಗೇ ಪದವಿ ಪಡೆದರು. ತ್ರೇಸಿಯಾ ಮುಂದೆ ಕೇರಳ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಆದರು.

ಜಮಾಲ್‌ಪುರ ರೈಲ್ವೆ ವರ್ಕ್‌ಶಾಪ್‌ನಲ್ಲಿ ಒಂದು ವರ್ಷ ತರಬೇತಿ, ಆಮೇಲೆ ಶಿಮ್ಲಾದಲ್ಲಿ ಸರ್ಕಾರಿ ಕೆಲಸ. ನಡುವೆ ಸ್ವಲ್ಪ ಕಾಲ ತಂದೆಯ ಸಂಶೋಧನೆಗಳಿಗೆ ನೆರವಾದರು. ಅವುಗಳಲ್ಲಿ ಜೆಲೆಕ್ಟ್ರೋಮೋನಿಯಂ ಎಂಬ ವಿದ್ಯುತ್ ಸಂಗೀತ ವಾದ್ಯವೂ ಒಂದು! 1948ರಲ್ಲಿ ಕಲ್ಕತ್ತದ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಕಂಪನಿ ಸೇರಿದರು. ಸಹೋದರನ ಕುಟುಂಬ ಅದೇ ಊರಿನಲ್ಲಿದ್ದದ್ದು ಮಗಳನ್ನು ಬೆಳೆಸಲು ಅನುಕೂಲವಾಯಿತು.

ಟ್ರಾನ್ಸ್‌ಮಿಷನ್ ಲೈನ್ ವಿನ್ಯಾಸ, ಸಬ್‌ಸ್ಟೇಷನ್ ನಕ್ಷೆ, ರಕ್ಷಣಾ ಉಪಕರಣ ಅವರ ವಿಭಾಗ. ಭಾಕ್ರಾ-ನಂಗಲ್ ಯೋಜನೆಯ ಜನರೇಟರ್‌ಗಳ ಕೆಲಸದಲ್ಲೂ ಅವರ ಪಾಲಿದೆ. ರಕ್ಷಣಾ ಉಪಕರಣ ಎಂದರೆ ಸಣ್ಣ ಮಾತಲ್ಲ. ಜನರೇಟರ್‌ನ ವೈಂಡಿಂಗ್, ಅಂದರೆ ತಾಮ್ರದ ಸುರುಳಿ, 50 ಹರ್ಟ್ಸ್ ಕರೆಂಟಿನಲ್ಲಿ ವೋಲ್ಟೇಜನ್ನು ಎಲ್ಲ ಸುತ್ತುಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುತ್ತದೆ. ಲೈನಿಗೆ ಸಿಡಿಲು ಬಡಿದಾಗ ಹಾಗಲ್ಲ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಹೊತ್ತಿನಲ್ಲಿ ವೋಲ್ಟೇಜ್ ಜಿಗಿಯುತ್ತದೆ. ಆಗ ಸುರುಳಿ ಬೇರೆಯೇ ರೀತಿ ವರ್ತಿಸುತ್ತದೆ: ಮೊದಲ ಕೆಲವು ಸುತ್ತುಗಳೇ ಹೊಡೆತದ ದೊಡ್ಡ ಪಾಲು ತಿನ್ನುತ್ತವೆ. ಅಲ್ಲಿ ಇನ್ಸುಲೇಷನ್ ತೂತಾದರೆ ಇಡೀ ಯಂತ್ರ ನಿಲ್ಲುತ್ತದೆ. ಹಾಗಾಗಿ ಲೈನಿನಿಂದ ಬರುವ ಅಲೆಯನ್ನು ಯಂತ್ರ ತಲುಪುವ ಮುನ್ನವೇ ಅರೆಸ್ಟರ್‌ಗಳಿಂದ ನೆಲಕ್ಕಿಳಿಸಬೇಕು, ಕೆಪಾಸಿಟರ್‌ಗಳಿಂದ ಅದರ ಮೊನೆಯನ್ನು ಮೊಂಡಾಗಿಸಬೇಕು.

ಅದೆಲ್ಲ ಸ್ಲೈಡ್ ರೂಲ್ ಹಿಡಿದು ಲೆಕ್ಕ ಹಾಕುತ್ತಿದ್ದ ಕಾಲ. ಈಗಿನ ಎಲೆಕ್ಟ್ರಿಕ್ ಕಾರಿನ ಮೋಟಾರಿಗೂ ಅದೇ ತಲೆನೋವು ಇದೆ. ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಬಾರಿ ವೋಲ್ಟೇಜನ್ನು ಆನ್-ಆಫ್ ಮಾಡುವುದರಿಂದ ವೈಂಡಿಂಗ್‌ಗೆ ಪೆಟ್ಟು ಬೀಳುತ್ತದೆ. ಶಾಫ್ಟ್‌ನಲ್ಲೂ ವೋಲ್ಟೇಜ್ ಸೇರಿ, ಬೇರಿಂಗ್ ಮೂಲಕ ಹರಿದು ಸಣ್ಣ ಗುಳಿಗಳನ್ನು ಕೊರೆಯುತ್ತದೆ. ಎಂಜಿನಿಯರ್‌ಗಳು ಇದನ್ನೀಗ ಕಂಪ್ಯೂಟರ್ ಮಾದರಿಗಳಲ್ಲಿ ಮೊದಲೇ ನೋಡುತ್ತಾರೆ.

1964ರಲ್ಲಿ ನ್ಯೂಯಾರ್ಕ್‌ನಲ್ಲಿ ಮಹಿಳಾ ಎಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಭಾರತದಲ್ಲಿ ಅಂಥ ಸಂಘಟನೆಯೇ ಇರಲಿಲ್ಲ. ಲಲಿತಾ ಖಾಸಗಿಯಾಗಿ ಹೋಗಿ ಬಂದರು. 1966ರಲ್ಲಿ ಲಂಡನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಎಲೆಕ್ಟ್ರಿಕಲ್ ಎಂಜಿನಿಯರ್ಸ್‌ನ ಪೂರ್ಣ ಸದಸ್ಯತ್ವ ಸಿಕ್ಕಿತು. ಅವರು ಮರುಮದುವೆಯಾಗಲಿಲ್ಲ.

1977ರಲ್ಲಿ ನಿವೃತ್ತಿ. ಮರುವರ್ಷ ಗಿಂಡಿ ಕಾಲೇಜು ಹೊಸದಾಗಿ ಹುಟ್ಟಿದ ಅಣ್ಣಾ ವಿಶ್ವವಿದ್ಯಾಲಯದ ಭಾಗವಾಯಿತು. 1979ರ ಅಕ್ಟೋಬರ್‌ನಲ್ಲಿ, 60ನೇ ವಯಸ್ಸಿನಲ್ಲಿ ಲಲಿತಾ ನಿಧನರಾದರು.