ಬೇಟೆಗೆ ಹೊರಟಾಗ ಅಂಗಿ ಬಿಚ್ಚಿಟ್ಟವನು

ಗಿಲ್ಲಿ ಸೂಟನ್ನು ಸಿನಿಮಾಗಳಲ್ಲಿ ನೀವೆಲ್ಲ ನೋಡಿರುತ್ತೀರಿ. ಬಲೆಯಂಥ ಬಟ್ಟೆಗೆ ಗೋಣಿನಾರಿನ ಎಳೆಗಳನ್ನು ಒತ್ತೊತ್ತಾಗಿ ಕಟ್ಟಿ, ನಡುನಡುವೆ ಸೊಪ್ಪು ಸಿಕ್ಕಿಸಿದ ದಿರಿಸು ಅದು. ತೊಟ್ಟು ಪೊದೆಯ ಪಕ್ಕ ಕೂತರೆ ಪೊದೆ ಎಲ್ಲಿ ಮುಗಿಯಿತು, ಮನುಷ್ಯ ಎಲ್ಲಿ ಶುರುವಾದ ಎಂಬುದು ತಿಳಿಯುವುದಿಲ್ಲ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಜಮೀನ್ದಾರರ ಬೇಟೆಗೆ ನೆರವಾಗುತ್ತಿದ್ದ ಆಳುಗಳಿಗೆ ಗಿಲ್ಲಿ ಎನ್ನುತ್ತಿದ್ದರು, ಹೆಸರು ಬಂದದ್ದು ಅಲ್ಲಿಂದ. 1900ರಲ್ಲಿ ಬೋಯರ್ ಯುದ್ಧಕ್ಕೆಂದು ಆ ಸೀಮೆಯ ಜನರನ್ನೇ ಸೇರಿಸಿ ಲೊವಾಟ್ ಸ್ಕೌಟ್ಸ್ ಎಂಬ ಪಡೆ ಕಟ್ಟಿದರು. ಮೊದಲ ಮಹಾಯುದ್ಧದಲ್ಲಿ ಮರೆಯಿಂದ ಗುಂಡು ಹಾರಿಸುವವರ ಮೈಮೇಲೆ ಈ ದಿರಿಸು ಬಂತು.

ಅಂದರೆ ಇದು ಹುಟ್ಟಿದ್ದು ಚಳಿಯ ನಾಡಿನಲ್ಲಿ. ಬಿಸಿಲಿನಲ್ಲಿ ಇದನ್ನು ತೊಟ್ಟವನ ಪಾಡು ಹೇಳತೀರದು. ನನಗೆ ಬೇಟೆಯ ಗೀಳಿಲ್ಲ, ಇದ್ದರೂ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಆದರೆ ಬಿಲ್ಲು ಹಿಡಿಯಲು ಕಲಿಯುತ್ತಿರುವುದರಿಂದ ಅಮೆರಿಕದ ಬಿಲ್ಲುಬೇಟೆಗಾರರು ಬರೆದದ್ದನ್ನು ಓದುವ ಚಟವಿದೆ. ಕ್ಯಾಲಿಫೋರ್ನಿಯಾದ ಕೆಲವು ಕಡೆ ಜುಲೈನಲ್ಲೇ ಬಿಲ್ಲಿನಿಂದ ಜಿಂಕೆ ಹೊಡೆಯುವ ಕಾಲ ಶುರುವಾಗುತ್ತದೆ, ಸುಡು ಬೇಸಿಗೆಯಲ್ಲಿ. ಅಂಥ ಸೆಕೆಗೆ ಎಂಥ ಗಿಲ್ಲಿ ಸೂಟ್ ಎಂಬುದು ಅವರಲ್ಲಿ ಮುಗಿಯದ ಚರ್ಚೆ. ಗೋಣಿ ಬೇಡ, ತೆಳು ಸೊಳ್ಳೆಪರದೆಯಂಥ ಬಲೆ ಸಾಕು. ಇಡೀ ಮೈಗೆ ಬೇಡ, ತಲೆಗೂ ಭುಜಕ್ಕೂ ಇದ್ದರೆ ಆಯಿತು. ಎದೆ ಮತ್ತು ಮುಂದೋಳಿನ ಮೇಲೆ ಎಳೆ ಕಟ್ಟಬೇಡಿ, ಹೆದೆ ಬಿಟ್ಟಾಗ ಸಿಕ್ಕಿಹಾಕಿಕೊಂಡು ಬಾಣ ದಿಕ್ಕು ತಪ್ಪುತ್ತದೆ. ಎಲ್ಲವೂ ಸರಿಯಾದ ಮಾತೇ. ಆದರೆ ಎಷ್ಟು ತೆಳುಗೊಳಿಸಿದರೂ ಬೆವರು ಬರುತ್ತದೆ, ಬೆವರಿನ ವಾಸನೆ ಜಿಂಕೆಯ ಮೂಗಿಗೆ ಹೋಗುತ್ತದೆ. ಕಣ್ಣಿಗೆ ಕಾಣದಂತೆ ಕೂತವನನ್ನು ಮೂಗು ಹಿಡಿದುಕೊಡುತ್ತದೆ.

ಈ ಬೇಟೆಗಾರರೆಲ್ಲ ಗುರುವಿನ ಗುರು ಎಂದು ನೆನೆಯುವ ಒಬ್ಬ ಮನುಷ್ಯನಿದ್ದಾನೆ. ಕ್ಯಾಲಿಫೋರ್ನಿಯಾದ ಅದೇ ಬಿಸಿಲಿನಲ್ಲಿ ಹುಟ್ಟಿ ಬೆಳೆದವನು. ಬೇಟೆಗೆ ಹೊರಡುವಾಗ ಆತ ಮೈಮೇಲೆ ಏನನ್ನೂ ಹೊದೆಯುತ್ತಿರಲಿಲ್ಲ. ಹೆಸರು ಇಶಿ.

ಹೆಸರು ಅಂದೆ, ಅದು ಕೂಡ ಪೂರ್ತಿ ನಿಜವಲ್ಲ. ಆತನ ನುಡಿಯಲ್ಲಿ ಇಶಿ ಎಂದರೆ ಮನುಷ್ಯ ಎಂದಷ್ಟೇ ಅರ್ಥ. ಯಾಹಿ ಬುಡಕಟ್ಟಿನವರು ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುತ್ತಿರಲಿಲ್ಲ, ಅಪರಿಚಿತರ ಮುಂದಂತೂ ಇಲ್ಲವೇ ಇಲ್ಲ. ಹಾಗಾಗಿ ಆತನ ನಿಜ ಹೆಸರು ಆತನೊಂದಿಗೇ ಹೋಯಿತು. ಹುಟ್ಟಿದ ವರ್ಷ ಸುಮಾರು 1861 ಎಂದು ಅಂದಾಜು.

ಯಾಹಿಗಳ ನೆಲ ಉತ್ತರ ಕ್ಯಾಲಿಫೋರ್ನಿಯಾದ ಲಾಸೆನ್ ಪರ್ವತದ ಅಡಿಯಲ್ಲಿ, ಮಿಲ್ ಕ್ರೀಕ್ ಮತ್ತು ಡಿಯರ್ ಕ್ರೀಕ್ ಎಂಬ ಎರಡು ತೊರೆಗಳ ಕಣಿವೆಗಳಲ್ಲಿ. ಅವರು ಮೊದಲಿನಿಂದಲೂ ಕೆಲವೇ ನೂರು ಮಂದಿ. 1849ರ ಚಿನ್ನದ ನೂಕುನುಗ್ಗಲಿನಲ್ಲಿ ಬಂದ ಬಿಳಿಯರು ನೆಲ ಹಿಡಿದರು, ದನ ಮೇಯಿಸಿದರು, ಜಿಂಕೆ ಓಡಿಸಿದರು. ಹಸಿದ ಯಾಹಿಗಳು ದನ ಕದ್ದರೆ ಇಡೀ ಹಾಡಿಯನ್ನೇ ಗುಂಡಿಟ್ಟು ಕೊಂದರು. 1865ರ ಹೊತ್ತಿಗೆ ಇಶಿ ಪುಟ್ಟ ಹುಡುಗ. 1871ರಲ್ಲಿ ಒಂದು ಗುಹೆಯೊಳಗೆ ಅಡಗಿದ್ದ ಸುಮಾರು 30 ಜನರನ್ನು, ಹಸುಗೂಸುಗಳನ್ನೂ ಬಿಡದೆ, ನಾಲ್ವರು ದನಗಾಹಿಗಳು ಕೊಂದರು. ಆಮೇಲೆ ಉಳಿದವರು ಬೆರಳೆಣಿಕೆಯಷ್ಟು. ಅವರು ಕಣ್ಮರೆಯಾದರು. ಸತ್ತುಹೋದರು ಎಂದು ಊರವರು ಅಂದುಕೊಂಡರು.

ಸತ್ತಿರಲಿಲ್ಲ. ಸುಮಾರು ನಲವತ್ತು ವರ್ಷ ಅದೇ ಕಣಿವೆಯಲ್ಲಿ ಅಡಗಿದ್ದರು. ಗಿಲ್ಲಿ ಸೂಟ್ ಹೇಗೆ ಹೊಲಿಯಬೇಕು ಎಂದು ಕೇಳುವವರು ಈ ನಲವತ್ತು ವರ್ಷಗಳ ಬಗ್ಗೆ ಓದಬೇಕು ಅನ್ನಿಸುತ್ತದೆ ನನಗೆ. ಹೆಜ್ಜೆ ಗುರುತು ಬೀಳದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಿದ್ದರು. ಮಣ್ಣಿನ ಮೇಲೆ ಗುರುತು ಬಿದ್ದರೆ ತರಗೆಲೆ ಮುಚ್ಚುತ್ತಿದ್ದರು. ಮುಳ್ಳುಪೊದೆಗಳನ್ನು ಸವರಿ ದಾರಿ ಮಾಡುವಂತಿಲ್ಲ, ಕಡಿದ ಸದ್ದು ದೂರ ಹೋಗುತ್ತದೆ, ಕಡಿದ ಗಾಯ ಕಣ್ಣಿಗೆ ಬೀಳುತ್ತದೆ. ಅಡಿಯಲ್ಲೇ ನಾಲ್ಕು ಕಾಲಿನ ಪ್ರಾಣಿಗಳಂತೆ ತೆವಳುತ್ತಿದ್ದರು. ತೊರೆಯ ನೀರಿಗೆ ಇಳಿಯಲು ನಾರಿನ ಹಗ್ಗ ಹಿಡಿದು ಕಡಿದಾದ ಬಂಡೆಯಿಂದ ಜಾರುತ್ತಿದ್ದರು, ಯಾಕೆಂದರೆ ದಾರಿ ಸವೆದರೆ ಯಾರಾದರೂ ಅದನ್ನು ಹಿಡಿದು ಬರುತ್ತಾರೆ. ಗುಡಿಸಲಿಗೆ ಲಾರೆಲ್ ಮರದ ಕೊಂಬೆಗಳನ್ನು ಹೊದಿಸಿದರು. ಮೇಲಿನ ದಿಬ್ಬದಿಂದ ನೋಡಿದರೆ ಬರೀ ಪೊದೆ. ಒಲೆ ಚಿಕ್ಕದು, ಹೊಗೆ ಎಲೆಗಳ ನಡುವೆ ಸೋಸಿಹೋಗಿ ಮೇಲೆ ಬರುವಷ್ಟರಲ್ಲಿ ಚದುರುತ್ತಿತ್ತು. ಒಬ್ಬ ಮನುಷ್ಯನ ಮೈಗಲ್ಲ, ಇಡೀ ಊರಿಗೇ ಸೊಪ್ಪು ಹೊದಿಸಿದ್ದರು ಅವರು.

1908ರ ನವೆಂಬರಿನಲ್ಲಿ ಅಣೆಕಟ್ಟಿಗೆಂದು ಅಳತೆಗೆ ಬಂದ ಕೆಲಸಗಾರರು ಆಕಸ್ಮಿಕವಾಗಿ ಆ ಗುಡಿಸಲುಗಳ ನಡುವೆ ಬಂದುಬಿಟ್ಟರು. ಆಗ ಉಳಿದಿದ್ದವರು ನಾಲ್ವರೇ. ಇಶಿ, ಆತನ ಮುದಿ ತಾಯಿ, ತಂಗಿಯೋ ದಾಯಾದಿಯೋ ಆದ ಒಬ್ಬ ಹೆಂಗಸು, ಒಬ್ಬ ಮುದುಕ. ನಡೆಯಲಾಗದ ತಾಯಿಯನ್ನು ಹೊದಿಕೆಯಡಿ ಬಚ್ಚಿಟ್ಟು ಉಳಿದವರು ಓಡಿದರು. ಬಂದವರು ಮುದುಕಿಯ ಮೈಮುಟ್ಟಲಿಲ್ಲ, ಆದರೆ ಬಿಲ್ಲು, ಬಾಣ, ಬುಟ್ಟಿ, ಹೊದಿಕೆ ಎಲ್ಲವನ್ನೂ ನೆನಪಿಗೆಂದು ಹೊತ್ತುಕೊಂಡು ಹೋದರು. ಚಳಿಗಾಲ ಎದುರಿಗಿತ್ತು. ತಾಯಿ ಸ್ವಲ್ಪ ದಿನದಲ್ಲೇ ತೀರಿಕೊಂಡಳು. ಓಡಿದ ಇಬ್ಬರನ್ನು ಇಶಿ ಮತ್ತೆ ನೋಡಲಿಲ್ಲ. ಮುಂದಿನ ಮೂರು ವರ್ಷ ಆತನಿಗೆ ಮಾತಾಡಲು ಒಂದು ಜೀವವೂ ಇರಲಿಲ್ಲ.

1911ರ ಆಗಸ್ಟ್ 29ರಂದು ಓರೊವಿಲ್ ಊರಿನ ಕಸಾಯಿಖಾನೆಯ ಅಂಗಳದಲ್ಲಿ ನಾಯಿಗಳು ಬೊಗಳಿದಾಗ ಜನ ಬಂದು ನೋಡಿದರು. ಹಸಿವಿನಿಂದ ಸೊರಗಿದ ಐವತ್ತರ ಗಂಡಸು ಬೇಲಿಗೊರಗಿ ಕೂತಿದ್ದ. ಸೂತಕಕ್ಕೆಂದು ತಲೆಗೂದಲನ್ನು ಬುಡದವರೆಗೆ ಸುಟ್ಟುಕೊಂಡಿದ್ದ. ಶೆರೀಫ್ ಜೈಲಿನಲ್ಲಿ ಕೂರಿಸಿದ, ಹಿಂಸಿಸಲಿಕ್ಕಲ್ಲ, ನೋಡಲು ಮುಗಿಬಿದ್ದ ಜನರಿಂದ ಕಾಯಲು. ಸುದ್ದಿ ಓದಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ವಾಟರ್ಮನ್ ರೈಲು ಹತ್ತಿ ಬಂದ. ನೆರೆಯ ಬುಡಕಟ್ಟುಗಳ ಪದಗಳ ಪಟ್ಟಿಯನ್ನು ಒಂದೊಂದಾಗಿ ಓದುತ್ತ ಹೋದ, ಇಶಿಗೆ ಏನೂ ಹಿಡಿಯಲಿಲ್ಲ. ಕೊನೆಗೆ ಮಂಚದ ಪೈನ್ ಮರದ ಚೌಕಟ್ಟನ್ನು ತಟ್ಟಿ ಆ ಮರದ ಹೆಸರನ್ನು ಯಾನಾ ನುಡಿಯಲ್ಲಿ ಹೇಳಿದಾಗ ಇಶಿಯ ಮುಖ ಅರಳಿತು. ಇಬ್ಬರೂ ಮಂಚ ತಟ್ಟಿ ತಟ್ಟಿ ಅದೇ ಪದ ಹೇಳಿದರಂತೆ. ಮೂರು ವರ್ಷದ ನಂತರ ಆತನ ಕಿವಿಗೆ ಬಿದ್ದ ಮೊದಲ ಸ್ವಂತ ಪದ ಅದು.

ಮುಂದಿನದನ್ನು ಓದುವಾಗ ನನಗೆ ಯಾವಾಗಲೂ ಇರಿಸುಮುರಿಸಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲೇ ಇಶಿಗೆ ಕೋಣೆ ಕೊಟ್ಟರು. ತಿಂಗಳಿಗೆ 25 ಡಾಲರ್ ಸಂಬಳದ ಕಸಗುಡಿಸುವ ಕೆಲಸ ಸಿಕ್ಕಿತು. ಭಾನುವಾರ ಮಧ್ಯಾಹ್ನ ಜನರೆದುರು ಕೂತು ಬಾಣದ ಮೊನೆ ಕೆತ್ತುವುದು, ಕಡ್ಡಿ ಕಡೆದು ಬೆಂಕಿ ಹುಟ್ಟಿಸುವುದು. ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಬದುಕಿದವನನ್ನು ನೋಡಲು ಸಾವಿರಗಟ್ಟಲೆ ಜನ ಬರುತ್ತಿದ್ದರು. ಮೊದಮೊದಲು ಗುಂಪು ಕಂಡರೆ ಆತ ಮರಗಟ್ಟಿ ನಿಲ್ಲುತ್ತಿದ್ದನಂತೆ. ಅಲ್ಲಿನ ಮುಖ್ಯಸ್ಥ ಆಲ್ಫ್ರೆಡ್ ಕ್ರೋಬರ್ ಆತನನ್ನು ನಿಜವಾಗಿ ಸ್ನೇಹಿತನೆಂದೇ ಕಂಡ, ಅದರಲ್ಲಿ ಅನುಮಾನವಿಲ್ಲ. ಆದರೂ ಅದು ವಸ್ತುಸಂಗ್ರಹಾಲಯ. (ವೈಜ್ಞಾನಿಕ ಕಾದಂಬರಿ ಓದುವವರಿಗೆ ಒಂದು ಮಾತು: ಉರ್ಸುಲಾ ಕೆ. ಲೆ ಗ್ವಿನ್ ಹೆಸರಿನ ನಡುವಿನ ಅಕ್ಷರ ಈ ಕ್ರೋಬರ್‌ನದೇ. ಆಕೆ ಆತನ ಮಗಳು. ಇಶಿಯ ಬದುಕನ್ನು 1961ರಲ್ಲಿ ಪುಸ್ತಕವಾಗಿ ಬರೆದ ಥಿಯೊಡೋರಾ ಆಕೆಯ ತಾಯಿ.)

ಪಕ್ಕದಲ್ಲೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಲ್ಲಿನ ಶಸ್ತ್ರಚಿಕಿತ್ಸಕ ಸ್ಯಾಕ್ಸ್ಟನ್ ಪೋಪ್ 1912ರಲ್ಲಿ ಇಶಿಗೆ ಪರಿಚಯವಾದ. ವೈದ್ಯನಾಗಿ ಬಂದವನು ಶಿಷ್ಯನಾದ. ಇಶಿಯ ಬಿಲ್ಲು ಜೂನಿಪರ್ ಮರದ್ದು, ಬೆನ್ನಿಗೆ ಜಿಂಕೆಯ ಸ್ನಾಯುವಿನ ಎಳೆಗಳನ್ನು ಅಂಟಿಸಿದ್ದು. ಉದ್ದ ಸುಮಾರು 42 ಇಂಚು ಅಷ್ಟೇ, ಸೆಳೆತ ಸುಮಾರು 45 ಪೌಂಡು. ನಾವು ಮೈದಾನದಲ್ಲಿ ಹಿಡಿಯುವ ಬಿಲ್ಲಿನ ಮುಂದೆ ಆಟಿಕೆಯಂತೆ ಕಾಣುವ ಗಾತ್ರ. ಆದರೆ ಪೊದೆಯೊಳಗೆ ಕುಕ್ಕರುಗಾಲಲ್ಲಿ ಕೂತು ಬಾಣ ಬಿಡುವವನಿಗೆ ಉದ್ದ ಬಿಲ್ಲು ತೊಡಕು. ಹೆದೆಯನ್ನು ಆತ ನಮ್ಮಂತೆ ಮೂರು ಬೆರಳಿನಿಂದಲ್ಲ, ಹೆಬ್ಬೆರಳಿನಿಂದ ಸೆಳೆಯುತ್ತಿದ್ದ. ಬಾಣದ ಕಡ್ಡಿ ಹೇಜಲ್ ಗಿಡದ್ದು. ಮೊನೆಗೆ ಅಬ್ಸಿಡಿಯನ್ ಎಂಬ ಕಪ್ಪು ಗಾಜುಕಲ್ಲು, ಅದಿಲ್ಲದಿದ್ದರೆ ಬಿಳಿಯರು ಎಸೆದ ಬಾಟಲಿಯ ಚೂರು. ದೂರದ ಗುರಿಹಲಗೆಗೆ ಹೊಡೆಯುವುದರಲ್ಲಿ ಪೋಪ್ ಬೇಗನೆ ಗುರುವನ್ನು ಮೀರಿಸಿದ. ಇಶಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ಹತ್ತಿಪ್ಪತ್ತು ಗಜದೊಳಗಿನ ಪುಟ್ಟ ಪ್ರಾಣಿ ಆತನ ಗುರಿ. ಅಷ್ಟು ಹತ್ತಿರ ಹೋಗಬಲ್ಲವನಿಗೆ ದೂರದಿಂದ ಹೊಡೆಯುವ ಅಗತ್ಯವೇನು?

ಹತ್ತಿರ ಹೋಗುವುದು ಹೇಗೆ ಎಂಬುದನ್ನು ಪೋಪ್ ಬರೆದಿಟ್ಟಿದ್ದಾನೆ. ಬಿಸಿಲುನಾಡಿನ ಬೇಟೆಗಾರರಿಗೆ ನಿಜವಾಗಿ ಬೇಕಾದ ಭಾಗ ಅದೇ. ಬೇಟೆಯ ಹಿಂದಿನ ದಿನ ಇಶಿ ಹೊಗೆಸೊಪ್ಪು ಸೇದುತ್ತಿರಲಿಲ್ಲ, ಮೀನು ತಿನ್ನುತ್ತಿರಲಿಲ್ಲ. ನಸುಕಿನಲ್ಲಿ ಎದ್ದು ತೊರೆಯಲ್ಲಿ ಮೀಯುತ್ತಿದ್ದ, ಪುದೀನದಂಥ ವಾಸನೆಯ ಸೊಪ್ಪಿನಿಂದ ಮೈ ಉಜ್ಜಿಕೊಳ್ಳುತ್ತಿದ್ದ, ಬಾಯಿ ಮುಕ್ಕಳಿಸಿ ನೀರು ಕುಡಿದು ಬರೀ ಹೊಟ್ಟೆಯಲ್ಲಿ ಹೊರಡುತ್ತಿದ್ದ. ಸೊಂಟಕ್ಕೊಂದು ತುಂಡು ಬಟ್ಟೆ ಬಿಟ್ಟರೆ ಅಂಗಿಯಿಲ್ಲ, ಕಾಲಿಗೆ ಏನೂ ಇಲ್ಲ. ಬಟ್ಟೆ ಪೊದೆಗೆ ತಗುಲಿ ಸದ್ದು ಮಾಡುತ್ತದೆ ಎಂಬುದು ಆತನ ಮೊದಲ ಕಾರಣ. ಎರಡನೆಯದು ನನಗೆ ಇನ್ನೂ ಇಷ್ಟ: ಬರಿಮೈಯಲ್ಲಿದ್ದವನು ತಾನಾಗಿಯೇ ಎಚ್ಚರದಿಂದ ನಡೆಯುತ್ತಾನೆ. ಗೋಣಿನಾರು ಹೊದ್ದವನಿಗೆ ಮುಳ್ಳು ತಾಗಿದ್ದು ತಿಳಿಯುವುದಿಲ್ಲ, ಕೊಂಬೆ ಮುರಿದ ಮೇಲಷ್ಟೇ ತಿಳಿಯುತ್ತದೆ. ಬರಿಮೈಗೆ ಎಲೆ ಸೋಕಿದರೂ ಗೊತ್ತಾಗುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದೂ ಗೊತ್ತಾಗುತ್ತದೆ. ವಾಸನೆ ಅಡಗಿಸಬೇಕಾದವನಿಗೆ ಗಾಳಿಯ ದಿಕ್ಕಿಗಿಂತ ದೊಡ್ಡ ಸುದ್ದಿ ಬೇರೆ ಇಲ್ಲ.

ಅಡಗುವುದೊಂದೇ ಅಲ್ಲ. ಬೆರಳನ್ನು ತುಟಿಗಿಟ್ಟು ಮುತ್ತಿಡುವಂಥ ಸದ್ದು ಮಾಡಿ, ನೋವಿನಲ್ಲಿರುವ ಮೊಲದ ಕೂಗು ಹೊರಡಿಸುತ್ತಿದ್ದ. ಮೊಲಗಳು ಹತ್ತಿರ ಬರುತ್ತಿದ್ದವು, ಅದನ್ನು ತಿನ್ನಲೆಂದು ಕಾಡುಬೆಕ್ಕೂ ಬರುತ್ತಿತ್ತು. ಜಿಂಕೆಗಾದರೆ, ಒಣಗಿಸಿ ಒಳಗೆ ತುಂಬಿದ ಜಿಂಕೆಯ ತಲೆಯನ್ನು ಟೋಪಿಯಂತೆ ತಲೆಗೆ ಕಟ್ಟಿಕೊಂಡು ಪೊದೆಯ ಹಿಂದೆ ಒಮ್ಮೆ ಏಳುವುದು, ಒಮ್ಮೆ ಇಳಿಯುವುದು. ಅದೇನೆಂದು ನೋಡಲು ಜಿಂಕೆಯೇ ನಡೆದು ಬರುತ್ತಿತ್ತು. ಇಷ್ಟರ ಮೇಲೂ ಗಂಟೆಗಟ್ಟಲೆ ಅಲುಗದೆ ಕೂರುವುದಿತ್ತು. ಜಿಂಕೆಗೆ ಬಣ್ಣಕ್ಕಿಂತ ಅಲುಗಾಟ ಬೇಗ ಕಾಣುತ್ತದೆ. ಅಂಗಡಿಯಲ್ಲಿ ಸಿಗದ್ದು ಅದೊಂದೇ.

1914ರ ಬೇಸಿಗೆಯಲ್ಲಿ ಕ್ರೋಬರ್, ವಾಟರ್ಮನ್, ಪೋಪ್ ಮತ್ತು ಪೋಪ್‌ನ ಪುಟ್ಟ ಮಗ ಇಶಿಯನ್ನು ಕರೆದುಕೊಂಡು ಡಿಯರ್ ಕ್ರೀಕಿಗೆ ಹೋದರು. ಮೊದಲು ಆತ ಒಪ್ಪಲಿಲ್ಲ. ಸತ್ತವರ ನೆಲಕ್ಕೆ ಮತ್ತೆ ಹೋಗುವುದು ಯಾರಿಗೆ ಸುಲಭ? ಹೋದ ಮೇಲೆ ಒಂದೊಂದು ಗಿಡದ ಹೆಸರು, ಒಂದೊಂದು ತಿರುವಿನ ಹೆಸರು ಹೇಳಿಕೊಟ್ಟ, ತೊರೆಯಲ್ಲಿ ಈಜಿದ, ಬೇಟೆ ತೋರಿಸಿದ. ಆ ಬೇಸಿಗೆಯ ಫೋಟೋಗಳಲ್ಲಿ ಆತ ಬರಿಮೈಯಲ್ಲಿ ಬಿಲ್ಲೆಳೆದು ನಿಂತಿದ್ದಾನೆ. ನಗರದಲ್ಲಿ ಕೋಟು ಹಾಕಿಸಿ ತೆಗೆದ ಫೋಟೋಗಳಲ್ಲಿರುವವನು ಬೇರೆಯವನೇ ಅನ್ನಿಸುತ್ತದೆ.

ನಗರದ ಗಾಳಿ ಆತನಿಗೆ ಒಗ್ಗಲಿಲ್ಲ. ಬಂದ ವರ್ಷದಿಂದಲೇ ನೆಗಡಿ, ಕೆಮ್ಮು. ಕೊನೆಗೆ ಕ್ಷಯ. 1916ರ ಮಾರ್ಚ್ 25ರಂದು ತೀರಿಕೊಂಡ. ಆಗ ನ್ಯೂಯಾರ್ಕಿನಲ್ಲಿದ್ದ ಕ್ರೋಬರ್, ಸ್ನೇಹಿತನ ದೇಹ ಕೊಯ್ಯಬಾರದು, ವಿಜ್ಞಾನದ ನೆಪ ಹೇಳಬಾರದು ಎಂದು ಪತ್ರ ಬರೆದ. ಆದರೂ ಕೊಯ್ದರು, ಮಿದುಳನ್ನು ತೆಗೆದರು. ದೇಹವನ್ನು ದಹಿಸುವಾಗ ಜೊತೆಗೊಂದು ಬಿಲ್ಲು, ಐದು ಬಾಣ, ಓಕ್ ಬೀಜದ ಹಿಟ್ಟು ತುಂಬಿದ ಬುಟ್ಟಿ, ಹೊಗೆಸೊಪ್ಪು ಇಟ್ಟರು. ಬೂದಿಯ ಮಡಕೆ ಕೋಲ್ಮಾದ ಸ್ಮಶಾನಕ್ಕೆ ಹೋಯಿತು. ಮಿದುಳು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಹೋಯಿತು. ಕಳಿಸಿಕೊಟ್ಟವನು ಅದೇ ಕ್ರೋಬರ್. ಇದನ್ನು ನಾನು ಮೂರು ಸಲ ಓದಿದೆ, ಯಾಕೆ ಎಂಬುದು ಇನ್ನೂ ತಿಳಿದಿಲ್ಲ.

ಪೋಪ್ ಕಲಿತದ್ದನ್ನು ಬಿಡಲಿಲ್ಲ. ಆರ್ಟ್ ಯಂಗ್ ಎಂಬ ಜೊತೆಗಾರನೊಂದಿಗೆ ಬಿಲ್ಲಿನಿಂದಲೇ ದೊಡ್ಡ ಬೇಟೆಯಾಡಿದ. 1923ರಲ್ಲಿ ಬಿಲ್ಲುಬೇಟೆಯ ಬಗ್ಗೆ ಪುಸ್ತಕ ಬರೆದ, ಅದರ ಮೊದಲ ಅಧ್ಯಾಯಗಳು ಇಶಿಯವೇ. ಅಮೆರಿಕದಲ್ಲಿ ಬಿಲ್ಲುಬೇಟೆ ಮತ್ತೆ ಚಿಗುರಿದ್ದು ಆ ಪುಸ್ತಕದಿಂದ. ಪೋಪ್ ಮತ್ತು ಯಂಗ್ ಹೆಸರಿನಲ್ಲಿ 1961ರಲ್ಲಿ ಬೇಟೆಗಾರರ ಕ್ಲಬ್ ಕೂಡ ಹುಟ್ಟಿತು. ಇವತ್ತು ಎಲೆ ಅಂಟಿಸಿದ ಜಾಲರಿ ಅಂಗಿ, ವಾಸನೆ ಕಳೆಯುವ ಸೋಪು ಮಾರುವ ಇಡೀ ವ್ಯಾಪಾರದ ಬೇರು ಹುಡುಕಿಕೊಂಡು ಹೋದರೆ ಸಿಗುವುದು ಬರಿಮೈಯ ಒಬ್ಬ ಮನುಷ್ಯ.

1984ರಲ್ಲಿ ಆತನ ಕಣಿವೆಗಳ ಒಂದು ಭಾಗವನ್ನು ಇಶಿ ವನ್ಯಪ್ರದೇಶ ಎಂದು ಕಾಯ್ದಿಟ್ಟರು. ಸ್ಮಿತ್‌ಸೋನಿಯನ್ನಿನಲ್ಲಿದ್ದ ಮಿದುಳು 2000ದಲ್ಲಿ ಯಾಹಿಗಳಿಗೆ ನಂಟಸ್ತಿಕೆಯಿದ್ದ ಬುಡಕಟ್ಟುಗಳ ಕೈಸೇರಿತು. ಅವರು ಅದನ್ನೂ ಬೂದಿಯನ್ನೂ ಒಂದು ಮಾಡಿ, ಲಾಸೆನ್ ಪರ್ವತದ ಅಡಿಯ ಆತನ ಸ್ವಂತ ನೆಲದಲ್ಲಿ ಮಣ್ಣು ಮಾಡಿದರು. ಎಲ್ಲಿ ಎಂಬುದನ್ನು ಹೊರಗಿನವರಿಗೆ ಹೇಳಿಲ್ಲ.